ಇಪ್ಪತ್ತು ನಿಮಿಷದ ನೆರಳು

"ಪೂರಾ ಇಪ್ಪತ್ತು ನಿಮಿಷ ಹಿಂದಿದೆ! ನಾಳೆನೇ ಈ ಕಲ್ಲು ಕೀಳಿಸ್ತೀನಿ."

ಹೆಡ್‌ಮಾಸ್ಟರ್ ಕೃಷ್ಣಯ್ಯನವರು ಜೇಬುಗಡಿಯಾರ ಹಿಡಿದು, ಶಾಲೆಯ ತೋಟದಲ್ಲಿದ್ದ ಹೊಸ ನೆರಳುಗಡಿಯಾರವನ್ನು ದುರುಗುಟ್ಟಿ ನೋಡುತ್ತಿದ್ದರು.

ಮಕ್ಕಳ ಗುಂಪಿನಲ್ಲಿದ್ದ ನೀಲ ಕಲ್ಲಿನ ಹತ್ತಿರ ಸರಿದಳು. ಆ ಕಲ್ಲನ್ನು ಕಡೆದು ನಿಲ್ಲಿಸಿದವನು ಅವಳ ಅಪ್ಪ, ಕಲ್ಲುಕುಟಿಗ ದೊಡ್ಡಹನುಮಯ್ಯ. ಮಾರೇನಹಳ್ಳಿಯಿಂದ ರಾಜಾಜಿನಗರದ ಈ ಶಾಲೆಗೆ ಅದನ್ನು ಎತ್ತಿನ ಗಾಡಿಯಲ್ಲಿ ತಂದ ದಿನ ಅವಳು ನೆಲದ ಮೇಲೆ ನಡೆದಿರಲಿಲ್ಲ, ಅಷ್ಟು ಜಂಬ.

"ನಿಮ್ಮಪ್ಪ ಕೀ ಕೊಡೋದು ಮರೆತ್ರೇನೇ?" ಎಂದು ಅವಳ ಕ್ಲಾಸಿನ ಪದ್ಮನಾಭ ಕಿಸಕ್ಕೆಂದ.

ಸಂಜೆ ವಿಷಯ ಕೇಳಿ ಅಪ್ಪ ಅರ್ಧ ಮುದ್ದೆಗೇ ಎದ್ದ. "ಮನೆ ಪಾಯಕ್ಕೆ ದಿಕ್ಕು ನೋಡೋ ಹಂಗೇ ನೋಡಿದೀನಿ ಕಣವ್ವಾ. ಗೂಟ ನೆಟ್ಟು, ಸುತ್ತ ಗೆರೆ ಎಳೆದು, ಬೆಳಗಿನ ನೆರಳು, ಮಧ್ಯಾಹ್ನದ ನೆರಳು ಎರಡೂ ಅಳೆದೆ. ಆದ್ರೆ ದೊಡ್ಡೋರು ತಪ್ಪು ಅಂದ್ಮೇಲೆ..."

ಅಪ್ಪನ ಸಪ್ಪೆ ಮುಖ ನೋಡಿ ನೀಲಳಿಗೆ ಅಳುವೇ ಬಂತು. ಆದರೆ ಆ ಗೂಟದ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಬೆಳಿಗ್ಗೆ ಅವಳು ಹೆಡ್‌ಮಾಸ್ಟರರ ಮುಂದೆ ನಿಂತಳು. "ಸಾರ್, ಇವತ್ತೊಂದು ದಿನ ಬಿಡಿ. ನಾನು ಪರೀಕ್ಷೆ ಮಾಡ್ತೀನಿ. ತಪ್ಪಿದ್ರೆ ನಾಳೆ ಕೀಳಿಸಿ."

"ನೀನಾ? ಸರಿ, ಮಾಡು ನೋಡೋಣ," ಎಂದು ಅವರು ನಕ್ಕರು.

ಅವಳು ಪಕ್ಕದಲ್ಲೇ ನೆಟ್ಟಗೆ ಗೂಟ ನೆಟ್ಟಳು. ಕಲ್ಲಿನಲ್ಲಿ ಹತ್ತು ಗಂಟೆಯಾದಾಗ ಗೂಟದಿಂದ ಅದರ ನೆರಳಿನ ತುದಿಯವರೆಗೆ ದಾರ ಹಿಡಿದು, ಸುತ್ತಲೂ ದುಂಡಗೆ ಗೆರೆ ಎಳೆದಳು.

"ಸೂರ್ಯ ಹತ್ತಿದಷ್ಟೇ ಇಳೀತಾನೆ ಸಾರ್. ಹನ್ನೆರಡಕ್ಕೆ ಎರಡು ಗಂಟೆ ಮುಂಚೆ ನೆರಳು ಇಷ್ಟುದ್ದ ಇತ್ತು. ಹನ್ನೆರಡಾಗಿ ಎರಡು ಗಂಟೆಗೂ ಇಷ್ಟೇ ಉದ್ದ ಇರಬೇಕು. ಕಲ್ಲು ಸರಿ ಇದ್ರೆ ಅದು ಎರಡು ತೋರಿಸುವಾಗ ನೆರಳು ಈ ಗೆರೆ ಮುಟ್ಟುತ್ತೆ."

ಮಧ್ಯಾಹ್ನ ಇಡೀ ಕ್ಲಾಸು ತೋಟದಲ್ಲಿತ್ತು. ಅಷ್ಟರಲ್ಲಿ ಹಾಳು ಮೋಡವೊಂದು ಅಡ್ಡ ಬಂತು. ನೀಲ ಗೆರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಮೋಡ ಸರಿಯಿತು. ಗೂಟದ ನೆರಳು ಮೆಲ್ಲಗೆ ಹೋಗಿ ಗೆರೆ ಮುಟ್ಟಿತು.

ಪದ್ಮನಾಭ ಕಲ್ಲಿನತ್ತ ಬಗ್ಗಿದ. "ಎರಡು! ಸರಿಯಾಗಿ ಎರಡು ಸಾರ್!"

"ಆದ್ರೆ ನನ್ನದರಲ್ಲಿ ಎರಡು ಇಪ್ಪತ್ತು! ಮಿಲ್ಲಿನ ಸೈರನ್‌ಗೆ ಸರಿ ಮಾಡಿದ್ದೀನಲ್ಲ..." ಹೆಡ್‌ಮಾಸ್ಟರ್ ಗಡಿಯಾರ, ಕಲ್ಲು ಎರಡನ್ನೂ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ! ದೇಶಕ್ಕೆಲ್ಲ ಒಂದೇ ಟೈಮು ಅಲ್ವೇ? ನಮಗಿಂತ ಪೂರ್ವದಲ್ಲಿರೋ ಊರಿನ ಟೈಮನ್ನ ನಮ್ಮ ಗಡಿಯಾರಗಳು ತೋರಿಸ್ತವೆ. ಸೂರ್ಯ ಅಲ್ಲಿಂದ ನಮ್ಮ ನೆತ್ತಿಗೆ ಬರೋಕೆ ಇಪ್ಪತ್ತು ನಿಮಿಷ ಬೇಕು. ಕಲ್ಲು ಹೇಳೋದು ಬೆಂಗಳೂರಿನ ಟೈಮು ಕಣ್ರೋ!"

ಮಕ್ಕಳು ಹೋ ಎಂದು ಕೂಗಿದ ರಭಸಕ್ಕೆ ಪಕ್ಕದ ರಸ್ತೆಯವರೂ ಬೇಲಿಯಲ್ಲಿ ಇಣುಕಿದರು. ನೀಲ ಕುಣಿದೇ ಕುಣಿದಳು.

ಮರುದಿನ ಹೆಡ್‌ಮಾಸ್ಟರ್ ಅಪ್ಪನನ್ನು ಕರೆಸಿದರು. "ತಪ್ಪು ನನ್ನದು ದೊಡ್ಡಹನುಮಯ್ಯನವರೇ. ಆ ಕಲ್ಲಿನ ಮೇಲೆ ನಿಮ್ಮ ಹೆಸರು ಕೆತ್ತಿ."

"ನಂಗೆ ಅಕ್ಷರ ಬರಲ್ಲ ಸ್ವಾಮಿ. ಮಗಳು ಬರೆದುಕೊಟ್ರೆ ಕೆತ್ತುತೀನಿ."

ನೀಲ ಸೀಮೆಸುಣ್ಣದಲ್ಲಿ ಅಪ್ಪನ ಹೆಸರನ್ನು ದಪ್ಪಗೆ ಬರೆದಳು. ಅಪ್ಪನ ಉಳಿ ಅವಳ ಅಕ್ಷರದಿಂದ ಎಳ್ಳಷ್ಟೂ ಆಚೀಚೆ ಹೋಗಲಿಲ್ಲ.

ನಿನ್ನೆ ಅಪ್ಪನನ್ನು ಗೆಲ್ಲಿಸಿದವಳು ತಾನೇ ಎಂದು ಅವಳು ಬೀಗಿದ್ದಳು. ಈಗ ಉಳಿ ಹಿಡಿದ ಅಪ್ಪನ ಕೈಯನ್ನೇ ನೋಡುತ್ತ ಕೂತಳು. ಕಲ್ಲು ನಿಲ್ಲಿಸಿದ ದಿನವೇ ಅಪ್ಪ ಗೆದ್ದಾಗಿತ್ತು.