ಎಡಚಿಯ ಗ್ಲೌಸ್

"ಯಾರು ಮಾಡಿದ್ದು ಇದನ್ನ? ಯಾರು?"

ಕೋಚ್ ಮೇಡಂ ಡ್ರೆಸ್ಸಿಂಗ್ ರೂಮಿನಲ್ಲಿ ಕೂಗಿದ್ದು ಮೈದಾನದಂಚಿನ ಮೇಜಿನವರೆಗೂ ಕೇಳಿಸಿತು. ಮೇಜಿನ ಹಿಂದೆ ಕೂತಿದ್ದ ಹೆಂಗಸು ಪೆನ್ನು ಕೆಳಗಿಟ್ಟಳು. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವುದು ಅವಳ ಕೆಲಸ; ಸಾಫ್ಟ್‌ಬಾಲ್ ತಂಡದ ಸ್ಕೋರು ಬರೆಯುವುದು ಹನ್ನೆರಡು ವರ್ಷದ ಹುಚ್ಚು. ಹುಡುಗಿಯರ ಬಾಯಲ್ಲಿ ಅವಳು ಸ್ಕೋರಮ್ಮ. ಹಾಳೆಯಲ್ಲಿ ತಪ್ಪು ಬಿದ್ದ ಅಂಕಿಯೊಂದನ್ನು ಅಳಿಸಬೇಕಿತ್ತು. ಆದರೆ ಊಟವಾದ ಮೇಲೆ ಕ್ಯಾಚರ್ ಹುಡುಗಿ ಕೇಳಿ ಒಯ್ದಿದ್ದ ವೈಟ್ನರ್ ಬಾಟಲಿ ಇನ್ನೂ ವಾಪಸ್ ಬಂದಿರಲಿಲ್ಲ. ಅಂಕಿಯನ್ನು ಹಾಗೇ ಬಿಟ್ಟು, ಸ್ಕೋರು ಪುಸ್ತಕ ಕಂಕುಳಲ್ಲಿಟ್ಟು ಎದ್ದಳು. ಗಂಟೆ ಎರಡೂ ಇಪ್ಪತ್ತು. ಮಹಿಳಾ ಕಾಲೇಜುಗಳ ಫೈನಲ್ ಪಂದ್ಯ ಮೂರಕ್ಕೆ.

ರೂಮಿನ ನಡುವೆ ಬೆಂಚಿನ ಮೇಲೆ ಒಂದು ಗ್ಲೌಸ್ ಬಿದ್ದಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚೆಂಡನ್ನು ತಡೆಯುವ ಚರ್ಮದ ಬಲೆ ಜೋತುಬಿದ್ದಿತ್ತು. ಅದನ್ನು ಹಿಡಿದಿದ್ದ ಚರ್ಮದ ದಾರವನ್ನು ಯಾರೋ ಏಳೆಂಟು ತುಂಡು ಮಾಡಿದ್ದರು.

ಗ್ಲೌಸ್ ತಂಡಕ್ಕೆ ಚೆಂಡೆಸೆಯುವ ಮೊದಲ ಪಿಚರ್‌ದು. ಎಡಗೈಯಲ್ಲಿ ಎಸೆಯುವ ಅವಳಿಗೆ ಎಡಚಿ ಎಂದೇ ಹೆಸರು. ಗ್ಲೌಸ್ ಬಲಗೈಗೆ ಬೇಕು. ಅಂಥದ್ದು ಎರಡು ತಂಡಗಳಲ್ಲೂ ಇನ್ನೊಬ್ಬರ ಹತ್ತಿರ ಇರಲಿಲ್ಲ. ಅವಳು ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

"ನಾನಲ್ಲ," ಎಂದಿತು ಬಾಗಿಲ ಬಳಿಯ ದನಿ.

ಎಲ್ಲರೂ ತಿರುಗಿದರು. ಎರಡನೇ ಪಿಚರ್. ಮೂರು ವರ್ಷದಿಂದ ಬೆಂಚು ಕಾಯುತ್ತಿದ್ದ ಅವಳನ್ನು ತಂಡದವರು ಸ್ಟೆಪ್ನಿ ಎನ್ನುತ್ತಿದ್ದರು. ಸ್ಕೋರಮ್ಮನಿಗೆ ಅವಳು ಸ್ವಂತ ತಂಗಿಯ ಮಗಳು.

"ನಿನ್ನನ್ನ ಯಾರು ಕೇಳಿದ್ರು?" ಕೋಚ್ ಮೇಡಂ ಹುಬ್ಬೇರಿಸಿದರು. "ಕುಂಬಳಕಾಯಿ ಕಳ್ಳಿ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಳಂತೆ! ಗ್ಲೌಸಿನ ಮೇಲೆ ಇದೇನಿದು, ಬಿಳಿ? ಸುಣ್ಣ! ಬೆಳಿಗ್ಗೆ ಮೈದಾನಕ್ಕೆ ಗೆರೆ ಎಳೆದವಳು ಯಾರು?"

ಸ್ಟೆಪ್ನಿಯ ಬೂಟು, ಸಾಕ್ಸು, ಮೊಣಕೈ ಎಲ್ಲ ಸುಣ್ಣದ ಪುಡಿಯಿಂದ ಬೆಳ್ಳಗಿದ್ದವು. ಉತ್ತರ ಬೇರೆ ಬೇಕಿರಲಿಲ್ಲ.

"ಎಡಚಿ ಕೂತರೆ ಚೆಂಡು ನಿನ್ನ ಕೈಗೆ ಬರುತ್ತೆ. ಅಲ್ವಾ? ಈಗಲೇ ಪ್ರಿನ್ಸಿಪಾಲರಿಗೆ ಹೇಳ್ತೀನಿ. ತಂಡದಿಂದ ಔಟ್. ಆಟದ ಕೋಟಾದಲ್ಲಿ ಸಿಕ್ಕಿದ ಸೀಟೂ ಹೋಗುತ್ತೆ!"

ಸ್ಕೋರಮ್ಮ ಮುಂದೆ ಬಂದಳು. ಸೀಟು ಹೋದರೆ ಓದೇ ಮುಗಿಯಿತು. ತಂಗಿಗೆ ಬೇರೆ ದಾರಿಯಿಲ್ಲ. "ಹತ್ತು ನಿಮಿಷ ಕೊಡಿ ಮೇಡಂ. ಫೋನು ಆಮೇಲೆ ಮಾಡಿ."

"ಹೆತ್ತೋರಿಗೆ ಹೆಗ್ಗಣ ಮುದ್ದು ಸ್ಕೋರಮ್ಮ."

"ಹೆಗ್ಗಣವೇ ಆಗಿದ್ರೆ ಬಾಲ ಹಿಡಿದು ನಾನೇ ತಂದು ಕೊಡ್ತೀನಿ."

ಹಾಗೆಂದವಳು ಮೊದಲು ಬಿಚ್ಚಿದ್ದು ತಂಗಿಯ ಮಗಳ ಚೀಲವನ್ನೇ. ಟವೆಲ್, ನೀರಿನ ಬಾಟಲಿ, ಬಾಚಣಿಗೆ. ಚಾಕು ಇಲ್ಲ, ಬ್ಲೇಡಿಲ್ಲ. ಹುಡುಗಿ ನೋಡುತ್ತಲೇ ಇದ್ದಳು.

ಕತ್ತರಿ ಸಿಕ್ಕಿದ್ದು ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ, ಇರಬೇಕಾದ ಜಾಗದಲ್ಲೇ. ಅದರ ಅಲಗಿಗೆ ಚರ್ಮದ ಒಂದು ಎಳೆ ಅಂಟಿತ್ತು. ಡಬ್ಬಿಗೆ ಬೀಗವಿಲ್ಲ, ಯಾರು ಬೇಕಾದರೂ ತೆಗೆಯಬಹುದಿತ್ತು.

"ಎಡಚಿ, ಗ್ಲೌಸನ್ನ ಕೊನೇ ಸಲ ಸರಿಯಾಗಿ ನೋಡಿದ್ದು ಯಾವಾಗ?"

"ಒಂದೂವರೆಗೆ. ನಾನೇ ಚೀಲಕ್ಕೆ ಹಾಕಿ ಜಿಪ್ ಎಳೆದು ಊಟಕ್ಕೆ ಹೋದೆ."

"ಆಮೇಲೆ ಇಲ್ಲಿಗೆ ಬಂದವರು?"

ಕೋಚ್ ಮೇಡಂ ಬಿಟ್ಟರೆ ಮೂವರು. ನೀರು ಕುಡಿಯಲು ಸ್ಟೆಪ್ನಿ. ಬೆರಳಿಗೆ ಪ್ಲಾಸ್ಟರ್ ಕೇಳಿಕೊಂಡು ಎದುರಾಳಿ ತಂಡದ ಕ್ಯಾಪ್ಟನ್. ಕಾಲಿಗೆ ಪ್ಯಾಡು ಕಟ್ಟಿಕೊಳ್ಳಲು ಕ್ಯಾಚರ್. ಎಂಥ ಚೆಂಡನ್ನೂ ಹಿಂದಕ್ಕೆ ಬಿಡದ ಅವಳ ಹೆಸರು ಗೋಡೆ. ಎಡಚಿಯ ಜೀವದ ಗೆಳತಿ.

ಎದುರಾಳಿ ಕ್ಯಾಪ್ಟನ್‌ಗೆ ಕರೆ ಹೋಯಿತು. ಅವಳು ಸಿಡಿಮಿಡಿಗುಟ್ಟುತ್ತಲೇ ಬಂದಳು.

"ಪ್ಲಾಸ್ಟರ್ ಕೊಟ್ಟವರು ಯಾರಮ್ಮ?"

"ನಿಮ್ಮ ಕೋಚೇ ಕೊಟ್ಟರು. ಬಾಗಿಲಲ್ಲೇ ಇಸ್ಕೊಂಡು ಹೋದೆ. ಒಳಗೆ ಕಾಲಿಟ್ಟಿಲ್ಲ. ಎಡಚಿ ಪಿಚಿಂಗಿಗೆ ಎರಡು ತಿಂಗಳಿಂದ ಪ್ರಾಕ್ಟೀಸ್ ಮಾಡಿದ್ದೀವಿ. ಅವಳು ಆಡದಿದ್ರೆ ನಮಗೇ ನಷ್ಟ!"

ಕೋಚ್ ಮೇಡಂ ಹೌದೆಂದು ತಲೆಯಾಡಿಸಿದರು. ಉಳಿದವರು ಇಬ್ಬರು.

"ಪುಟ್ಟಿ, ನೀನು?" ತಂಗಿಯ ಮಗಳನ್ನು ಕೇಳಿದಳು.

"ನೀರು ಕುಡಿದೆ. ಹೋದೆ."

"ಎಡಚಿ ಚೀಲ ಮುಟ್ಟಿದ್ಯಾ?"

"ಇಲ್ಲ ಅಂದ್ರೆ ನಂಬ್ತೀಯಾ?"

ಸ್ಕೋರಮ್ಮ ಆ ಪ್ರಶ್ನೆಯನ್ನು ದಾಟಿಕೊಂಡು ಗೋಡೆಯ ಕಡೆ ತಿರುಗಿದಳು. "ನೀನು? ಇವತ್ತು ಆ ಗ್ಲೌಸ್ ಮುಟ್ಟಿದ್ಯಾ?"

"ಇಲ್ಲ ಸ್ಕೋರಮ್ಮ. ನನ್ನ ಪ್ಯಾಡು ಕಟ್ಟಿಕೊಳ್ಳೋದೇ ಅರ್ಧ ಗಂಟೆ ಕೆಲಸ."

ಎರಡೂ ಮೂವತ್ತೈದು. ಹೊರಗೆ ಅಂಪೈರ್ ಮೈದಾನದ ಗೆರೆ ನೋಡುತ್ತಿದ್ದ. ಸ್ಕೋರಮ್ಮ ಗ್ಲೌಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರದ ಗಂಟೊಂದು ಮಾತ್ರ ಕತ್ತರಿಗೆ ಸಿಕ್ಕದೆ ಉಳಿದಿತ್ತು. ಬಿಳಿ ಇದ್ದದ್ದು ಅಲ್ಲಿ, ಗಂಟಿನ ಸಂದಿಯೊಳಗೆ. ಉಳಿದ ಚರ್ಮದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಬೆರಳನ್ನು ನೀರಿನಲ್ಲಿ ಅದ್ದಿ ಆ ಬಿಳಿಯನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ನಿಂತಳು.

"ಎಲ್ಲರೂ ಕೈ ತೋರಿಸಿ. ಎರಡೂ ಕೈ. ಬೆರಳು ಬಿಡಿಸಿ."

ಕೈಗಳು ಸಾಲಾಗಿ ಮೇಲೆದ್ದವು. ಗೋಡೆಯ ಬಲಗೈ ಮಾತ್ರ ಅವಳ ದಪ್ಪ ಗ್ಲೌಸಿನೊಳಗೇ ಉಳಿಯಿತು.

"ಗ್ಲೌಸ್ ಎಡಗೈಗೆ ಅಲ್ವೇನಮ್ಮ ನೀನು ಹಾಕೋದು?"

ಗೋಡೆ ನಿಧಾನವಾಗಿ ಕೈ ಹೊರತೆಗೆದಳು. ನಾಲ್ಕು ಉಗುರುಗಳು ಹಾಲಿನ ಹಾಗೆ ಬೆಳ್ಳಗಿದ್ದವು. ಹೆಬ್ಬೆರಳ ಉಗುರಿನ ಬಿಳಿ ಅರ್ಧ ಎದ್ದುಹೋಗಿತ್ತು.

"ಇದು ಸುಣ್ಣ ಅಲ್ಲ ಮೇಡಂ," ಎಂದಳು ಸ್ಕೋರಮ್ಮ. "ಸುಣ್ಣದ ಪುಡಿ ಆಗಿದ್ರೆ ನೀರು ತಾಗಿದ ಕೂಡಲೇ ಕರಗಿ ಬಳಿದುಕೊಳ್ತಿತ್ತು. ಇದು ಸಿಪ್ಪೆ ಥರ ಎದ್ದು ಬಂತು. ವೈಟ್ನರ್! ಕ್ಯಾಚರ್ ತೊಡೆ ಸಂದಿಯಲ್ಲಿ ಬೆರಳು ತೋರಿಸಿ, ಯಾವ ಚೆಂಡು ಎಸೀಬೇಕು ಅಂತ ಪಿಚರ್‌ಗೆ ಹೇಳ್ತಾಳೆ. ನೆರಳಲ್ಲಿ ಬೆರಳು ಕಾಣಲಿ ಅಂತ ಉಗುರಿಗೆ ಬಿಳಿ ಹಚ್ಚೋದು. ನಮ್ಮ ಗೋಡೆ ಇವತ್ತು ಹಚ್ಚಿದ್ದು ಊಟ ಆದ ಮೇಲೆ, ನನ್ನ ಬಾಟಲಿಯಿಂದ. ಅಷ್ಟು ಹೊತ್ತಿಗೆ ಗ್ಲೌಸ್ ಚೀಲದೊಳಗಿತ್ತು. ಮುಟ್ಟೇ ಇಲ್ಲ ಅಂತ ಈಗ ತಾನೇ ಹೇಳಿದಳು. ಹಾಗಿದ್ರೆ ಅವಳ ಉಗುರಿನ ಬಿಳಿ ಗಂಟಿನೊಳಗೆ ಹೇಗೆ ಹೋಯ್ತು? ಮೊದಲು ಉಗುರಲ್ಲಿ ಗಂಟು ಬಿಚ್ಚೋಕೆ ನೋಡಿದಾಳೆ. ಬಿಚ್ಚಲಿಲ್ಲ. ಕತ್ತರಿ ತಗೊಂಡಳು."

"ನೀನಾ?" ಎಡಚಿಯ ದನಿ ಒಡೆಯಿತು. "ನೀನಾ ಕಣೇ?"

ಗೋಡೆ ನೆಲ ನೋಡುತ್ತಾ ನಿಂತಳು.

"ಯಾಕೆ ಅಂತ ನಾನೇ ಹೇಳಲಾ?" ಸ್ಕೋರಮ್ಮ ಕಂಕುಳಲ್ಲಿದ್ದ ಸ್ಕೋರು ಪುಸ್ತಕ ತೆರೆದಳು. "ಇಡೀ ವರ್ಷದಲ್ಲಿ ಎಡಚಿ ಒಂದು ಪಂದ್ಯದಲ್ಲಿ ಗುರಿ ತಪ್ಪಿ ಎಸೆದು ಎದುರಾಳಿಗೆ ಎರಡಕ್ಕಿಂತ ಹೆಚ್ಚು ಪುಕ್ಕಟೆ ವಾಕ್ ಕೊಟ್ಟವಳಲ್ಲ. ನಿನ್ನೆ ಸೆಮಿಫೈನಲ್‌ನಲ್ಲಿ, ಕೊನೇ ಎರಡು ಇನ್ನಿಂಗ್ಸ್‌ನಲ್ಲೇ ನಾಲ್ಕು. ಎಡಚಿ, ಎಡಗೈ ಮೇಲೆತ್ತಮ್ಮ."

ಎಡಚಿ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಮುಖ ಕಿವುಚಿಕೊಂಡಿತು.

"ಡಾಕ್ಟರು ಮೂರು ವಾರ ಎಸೀಲೇಬಾರದು ಅಂದಿದ್ರು," ಗೋಡೆ ಅಳುತ್ತಾ ಹೇಳಿದಳು. "ಭುಜದ ಸ್ನಾಯು ಹರಿದ್ರೆ ಆಪರೇಷನ್ ಅಂತೆ. ಇನ್ನೆಂದೂ ಆಡೋ ಹಾಗಿಲ್ವಂತೆ. ಇವಳು ನನ್ನಿಂದ ಅಮ್ಮನ ಮೇಲೆ ಆಣೆ ಹಾಕಿಸ್ಕೊಂಡಳು, ಯಾರಿಗೂ ಹೇಳಬಾರದು ಅಂತ. ನಾನೇನು ಮಾಡ್ಲಿ? ಗ್ಲೌಸ್ ಇಲ್ದಿದ್ರೆ ಸುಮ್ನೆ ಕೂರ್ತಾಳೆ ಅಂದ್ಕೊಂಡೆ. ಇಲಿ ಕಡಿದಿದೆ ಅಂತಾರೆ ಅಂದ್ಕೊಂಡೆ."

"ಇಲಿ ಜಿಪ್ ತೆಗೆಯಲ್ಲ ಕಣಮ್ಮ. ಇನ್ನೊಬ್ಬಳ ಮೇಲೆ ತಪ್ಪು ಬಿದ್ದಾಗಲೂ ಬಾಯಿ ಬಿಡಲಿಲ್ಲವಲ್ಲ ನೀನು!"

ಗೋಡೆ ಸ್ಟೆಪ್ನಿಯತ್ತ ನೋಡಲಾರದೆ ಮುಖ ಮುಚ್ಚಿಕೊಂಡಳು. ಕೋಚ್ ಮೇಡಂ ಬೆಂಚಿನ ಮೇಲೆ ಧೊಪ್ಪನೆ ಕುಸಿದರು. ಎರಡೂ ಐವತ್ತು.

"ಎಡಚಿ ಆಡಲ್ಲ," ಎಂದರು ಕೊನೆಗೆ. "ಗೋಡೆಯೂ ಬೇಡ. ಹೊರಗೆ ನಡಿ."

"ಗೋಡೆ ಬೇಕು ಮೇಡಂ." ಸ್ಟೆಪ್ನಿ ಮುಂದೆ ಬಂದಳು. "ನನ್ನ ಚೆಂಡು ಹಿಡಿಯೋರು ಇನ್ಯಾರಿದ್ದಾರೆ? ಶಿಕ್ಷೆ ನಾಳೆ ಕೊಡಿ. ಇವತ್ತು ಆಟ ಇದೆ."

ಕೋಚ್ ಮೇಡಂ ಕೈ ಬೀಸಿ ಒಪ್ಪಿದರು. ಕ್ಷಮಿಸು ಎನ್ನುವ ಬದಲು ಹುಡುಗಿಯ ಬೆನ್ನು ತಟ್ಟಿದರು. ಹುಡುಗಿಯರು ಒಬ್ಬೊಬ್ಬರಾಗಿ ಹೊರಟರು. ರೂಮಿನಲ್ಲಿ ಉಳಿದವರು ಸ್ಕೋರಮ್ಮ ಮತ್ತು ಅವಳ ತಂಗಿಯ ಮಗಳು. ಸ್ಕೋರಮ್ಮನಿಗೆ ಹಗುರವಾಗಿತ್ತು, ಸ್ವಲ್ಪ ಹೆಮ್ಮೆಯೂ ಆಗಿತ್ತು.

"ನೀನೂ ನಾನೇ ಅಂದ್ಕೊಂಡೆ ಅಲ್ವಾ ದೊಡ್ಡಮ್ಮ?"

"ಹಾಗಲ್ಲ ಪುಟ್ಟಿ—"

"ಮೊದಲು ನನ್ನ ಚೀಲಾನೇ ಬಿಚ್ಚಿದೆ. ಆಮೇಲೆ ಎಲ್ಲರ ಬೆರಳು ನೋಡಿದೆ. ನನ್ನ ಮುಖ ಮಾತ್ರ ಒಂದು ಸಲವೂ ನೋಡಲಿಲ್ಲ."

ಸ್ಕೋರಮ್ಮ ಈಗ ನೋಡಿದಳು. ಹುಡುಗಿಯ ಕಣ್ಣು ತುಂಬಿತ್ತು, ಆದರೆ ಒಂದು ಹನಿಯೂ ಕೆಳಗೆ ಬಿದ್ದಿರಲಿಲ್ಲ.

"ತಪ್ಪಾಯ್ತು ಕಣೇ," ಎಂದಳು. ಹನ್ನೆರಡು ವರ್ಷ ಇತರರ ತಪ್ಪನ್ನೇ ಬರೆದುಕೊಂಡು ಬಂದವಳು ತನ್ನದೊಂದನ್ನು ಒಪ್ಪಿಕೊಂಡದ್ದು ಇದೇ ಮೊದಲು.

ಅಂಪೈರ್ ಕೂಗಿದ. ಹುಡುಗಿ ಬೆಂಚಿನ ಮೇಲಿದ್ದ ತನ್ನ ಗ್ಲೌಸ್ ಎತ್ತಿಕೊಂಡು ಬಾಗಿಲಿನತ್ತ ನಡೆದಳು.

"ಆಟ ಮುಗೀಲಿ ದೊಡ್ಡಮ್ಮ," ಎಂದಳು ತಿರುಗದೆ. "ಆಮೇಲೆ ಮನೇಲಿ ಕೂತು ಜಗಳ ಆಡೋಣ."