ಶುಕಭೈರವನ ಗಿಳಿಪಾಠ

ಕಡಲಿನ ನೀರು ಇನ್ನೂ ಇಷ್ಟು ಉಪ್ಪಾಗಿರದ ಕಾಲದಲ್ಲಿ ತೊರೆನಾಡು ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಚಂಡಸೇನ ರಾಜನಿಗೆ ಎಲ್ಲವೂ ಇತ್ತು, ಇಂಗ್ಲಿಷ್ ಒಂದು ಬಿಟ್ಟು. ಹಡಗಿನಲ್ಲಿ ಬರುವ ವ್ಯಾಪಾರಿಗಳು ಇಂಗ್ಲಿಷಿನಲ್ಲಿ ಏನೋ ಹೇಳಿ ನಗುತ್ತಿದ್ದರು, ರಾಜನೂ ಮರ್ಯಾದೆಗೆಂದು ನಗುತ್ತಿದ್ದ. ಅವರು ನಗುವುದು ತನ್ನ ಮೀಸೆ ನೋಡಿ ಎಂದು ಒಂದು ದಿನ ಯಾರೋ ಅವನ ಕಿವಿಗೆ ಹಾಕಿದರು. ರಾಜ ಅಂದೇ ಡಂಗುರ ಹೊಡೆಸಿದ: ಪ್ರಾಥಮಿಕ ಶಾಲೆಯ ಮಕ್ಕಳೆಲ್ಲ ಇಂಗ್ಲಿಷ್ ಓದಬೇಕು, ಬರೆಯಬೇಕು, ಮಾತಾಡಬೇಕು, ಅದೂ ಒಂದೇ ಒಂದು ತಪ್ಪಿಲ್ಲದೆ.

ಆ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಹಂಪವ್ವ. ಆಸ್ಥಾನದ ಹಿಂದಿನ ದುಬಾಷಿಯ ಮಗಳಾದ್ದರಿಂದ ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಮಕ್ಕಳು ಮೊದಲು ಎಡವಬೇಕು, ಆಮೇಲೆ ನಡೆದಾರು, ಅದಕ್ಕೆ ಕೆಲವು ವರ್ಷ ಹಿಡಿಯುತ್ತದೆ ಎಂದು ಅವಳು ಅರಿಕೆ ಮಾಡಿಕೊಂಡಳು. ರಾಜನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅದೇ ಹೊತ್ತಿಗೆ ಹಸಿರು ಶಾಲು ಹೊದ್ದ ಶುಕಭೈರವ ಬಂದು, ಒಂದೇ ತಿಂಗಳು ಸಾಕು ಎಂದ. ಅವನು ಮಾಂತ್ರಿಕ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ರಾಜ ಅವನನ್ನೇ ಇಟ್ಟುಕೊಳ್ಳುತ್ತಿದ್ದನೇನೋ.

ಶುಕಭೈರವ ಹೇಳಿಕೊಡುತ್ತಿದ್ದ, ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಸ್ವಂತಕ್ಕೆ ಯಾರಾದರೂ ಬಾಯಿ ತೆರೆದರೆ ಬೆತ್ತ ಬೀಳುತ್ತಿತ್ತು. ತಿಂಗಳು ತುಂಬಿದ ದಿನ ರಾಜನೇ ಪರೀಕ್ಷೆಗೆ ಬಂದು, ಕಲಿತುಬಂದಿದ್ದ ಒಂದು ವಾಕ್ಯವನ್ನು ಕೇಳಿದ: "ಹೌ ಆರ್ ಯೂ?" ಇಡೀ ತರಗತಿ ಒಂದೇ ಉಸಿರಿಗೆ "ಐ ಯಾಮ್ ಫೈನ್, ಥ್ಯಾಂಕ್ ಯೂ" ಎಂದಿತು. ಜ್ವರ ಬಂದು ನಡುಗುತ್ತಿದ್ದ ಹುಡುಗನೂ ಚೆನ್ನಾಗಿದ್ದೇನೆ ಎಂದೇ ಹೇಳಿದ. ರಾಜ ಹಿಗ್ಗಿ ಹೀರೇಕಾಯಿಯಾದ.

ಆಗ ಮಕ್ಕಳ ತೋಳಿನಲ್ಲಿ ಹಸಿರು ಪುಕ್ಕ ಮೂಡಿತು. ಮೂಗು ಬಾಗಿ ಕೆಂಪಗಾಯಿತು. ಗಿಳಿಪಾಠ ಎಂದು ನಾವು ಬಾಯಿಮಾತಿಗೆ ಅನ್ನುತ್ತೇವೆ, ತೊರೆನಾಡಿನಲ್ಲಿ ಅದು ಎಲ್ಲರ ಕಣ್ಣೆದುರೇ ನಡೆಯಿತು. ಶುಕಭೈರವ ಶಾಲನ್ನು ಬೀಸಿದ. ಗಿಳಿಗಳೆಲ್ಲ ಕಿಟಕಿಯಿಂದ ಹಾರಿ ಅವನ ಹಿಂದೆಯೇ ಕರೀಗುಡ್ಡದ ಕೋಟೆಗೆ ಹೋದವು. ಮಕ್ಕಳ ಸ್ವಂತ ಮಾತು ಅವನ ಊಟ. ಅದನ್ನು ತಿಂದೇ ಅವನು ಮುನ್ನೂರು ವರ್ಷ ಬದುಕಿದ್ದ. ಹಾರಿಹೋದ ಗಿಳಿಗಳಲ್ಲಿ ಹಂಪವ್ವನ ಏಳು ವರ್ಷದ ಮಗಳು ತುಂಗಿಯೂ ಇದ್ದಳು.

ರಾಜ ಸೈನ್ಯ ಕಳಿಸಿದ, ಸೈನ್ಯ ಅರ್ಧ ದಾರಿಯಿಂದ ಓಡಿಬಂತು. ಕೊನೆಗೆ ಹಂಪವ್ವ ಸೆರಗು ಬಿಗಿದು ತಾನೇ ಹೊರಟಳು.

ಕೋಟೆಯ ಬಾಗಿಲಲ್ಲಿ ಶುಕಭೈರವ ನಗುತ್ತ ನಿಂತಿದ್ದ. ಓದು, ಬರಹ, ಮಾತು ಎಂದು ಮೂರು ಪರೀಕ್ಷೆ ಇವೆ, ಗೆದ್ದರೆ ಮಕ್ಕಳನ್ನು ಕರೆದುಕೊಂಡು ಹೋಗು, ಸೋತರೆ ನೀನೂ ಒಂದು ಪಂಜರ ಹಿಡಿಯಬೇಕು ಎಂದ. ಹಂಪವ್ವ ಒಪ್ಪಿಕೊಂಡಳು.

ಮೊದಲನೆಯದು ಓದು. ಹುಲಿಯೊಂದು ಕೊರಳಿಗೆ ಹಲಗೆ ಕಟ್ಟಿಕೊಂಡು ಬಂತು. ಅದರ ಮೇಲೆ ಕೆ, ಎನ್, ಐ, ಎಫ್, ಇ ಎಂದು ಬರೆದಿತ್ತು. ಬರೆದಂತೆ ಓದುವ ನಮ್ಮವರು ಇದನ್ನು 'ಕ್ನಿಫೆ' ಎಂದು ಓದಿ ಹುಲಿಯ ಬಾಯಿಗೆ ಹೋಗುವುದೇ ವಾಡಿಕೆ. ಆದರೆ ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳು ಮದುವೆಮನೆಗೆ ಬಂದು ಮೂಲೆಯಲ್ಲಿ ಮಾತಿಲ್ಲದೆ ಕೂರುವ ದೊಡ್ಡಪ್ಪನ ಹಾಗೆ ಎಂದು ಹಂಪವ್ವ ಬಲ್ಲಳು. ಮೊದಲ ದೊಡ್ಡಪ್ಪನನ್ನೂ ಕೊನೆಯವನನ್ನೂ ಅವರ ಪಾಡಿಗೆ ಬಿಟ್ಟು "ನೈಫ್" ಎಂದಳು. ಹುಲಿ ಬೇಸರದಿಂದ ಆಕಳಿಸಿ ದಾರಿ ಬಿಟ್ಟಿತು.

ಎರಡನೆಯದು ಬರಹ. ಮರಳಿನ ಮೇಲೆ ಕರಿ ಹಾವು ಮಲಗಿತ್ತು. ಮಂಚಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅದನ್ನು ಬರೆ, ಹೊಟ್ಟೆ ಯಾವ ಕಡೆಗೆ ಎಂದು ತಪ್ಪಿದರೆ ಕಚ್ಚುತ್ತೇನೆ ಎಂದಿತು. ಚಿಕ್ಕ ಬಿ, ಚಿಕ್ಕ ಡಿ ಎರಡೂ ಒಂದೇ ಕೋಲು, ಒಂದೇ ಹೊಟ್ಟೆ. ಹೆದರಿಕೆಯಲ್ಲಿ ಯಾವುದು ಯಾವುದೆಂದು ಹಂಪವ್ವನಿಗೂ ಮರೆತುಹೋಯಿತು. ಆಗ ಅವಳು ಮಕ್ಕಳಿಗೆ ಹೇಳಿಕೊಡುವಂತೆಯೇ ಎರಡೂ ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲೆತ್ತಿ, ಎದುರುಬದುರು ಹಿಡಿದಳು. ಎಡಗೈ ಬಿ ಆಯಿತು, ಬಲಗೈ ಡಿ ಆಯಿತು, ಎರಡು ಹೆಬ್ಬೆರಳ ನಡುವೆ ಮಂಚವೇ ಕಂಡಿತು. ನೋಡಿ 'ಬೆಡ್' ಎಂದು ಬರೆದಳು. ಹಾವು ಸುತ್ತಿಕೊಂಡು ಅದರ ಮೇಲೆಯೇ ನಿದ್ದೆ ಹೋಯಿತು.

ಮೂರನೆಯದು ಮಾತು. ಉದ್ದನೆಯ ಪಡಸಾಲೆಯಲ್ಲಿ ಪಂಜರಗಳು ತೂಗುತ್ತಿದ್ದವು. ಎಲ್ಲ ಗಿಳಿಗಳಿಗೂ ಒಂದೇ ಬಣ್ಣ, ಒಂದೇ ನೋಟ.

"ಇವುಗಳಲ್ಲಿ ಒಂದರ ಬಾಯಿಂದಲಾದರೂ ನಾನು ಕಲಿಸದ ಒಂದು ಮಾತು ಹೊರಡಿಸು," ಎಂದ ಶುಕಭೈರವ. "ಇಂಗ್ಲಿಷಿನಲ್ಲೇ ಕೇಳಬೇಕು, ಇಂಗ್ಲಿಷಿನಲ್ಲೇ ಉತ್ತರ ಬರಬೇಕು."

ಹಂಪವ್ವ ಹೇಗಿದ್ದೀರಿ ಎಂದು ಕೇಳಿದಳು. ಎಲ್ಲವೂ ಚೆನ್ನಾಗಿದ್ದವು. ಹೆಸರೇನು ಎಂದು ಕೇಳಿದಳು. ಎಲ್ಲವೂ "ಮೈ ನೇಮ್ ಈಸ್ ರಾಮ" ಎಂದವು, ಶುಕಭೈರವ ಪಾಠದಲ್ಲಿ ಹೇಳಿಕೊಟ್ಟ ಹೆಸರು ಅದೊಂದೇ. ಹಂಪವ್ವನ ಮಗಳೂ ರಾಮನೆಂದೇ ಹೇಳಿದ್ದಳು. ಯಾವ ಪಂಜರದ ಕಡೆ ನೋಡಿ ಅಳಬೇಕೆಂದೂ ಹಂಪವ್ವನಿಗೆ ತಿಳಿಯಲಿಲ್ಲ. ಶುಕಭೈರವ ಖಾಲಿ ಪಂಜರವೊಂದರ ಬಾಗಿಲು ತೆರೆದು ಹಿಡಿದ.

ಪಾಠದ ಪ್ರಶ್ನೆ ಕೇಳಿದರೆ ಪಾಠದ ಉತ್ತರವೇ ಬರುತ್ತದೆ ಎಂದು ಆಗ ಅವಳಿಗೆ ಹೊಳೆಯಿತು. ಅವಳು ಪ್ರಶ್ನೆ ಬಿಟ್ಟು ಸುಮ್ಮನೆ ಮನೆಯ ಸುದ್ದಿ ಹೇಳತೊಡಗಿದಳು. ಹಬ್ಬಕ್ಕೆ ಹೋಳಿಗೆ ಮಾಡಿದ್ದೆ, ತುಂಗಿಯ ಪಾಲನ್ನು ಎತ್ತಿಟ್ಟಿದ್ದೆ, ಇವತ್ತು ಅದನ್ನು ಪಕ್ಕದ ಮನೆಯ ನಾಯಿಗೆ ಹಾಕಿಬಂದೆ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಪಡಸಾಲೆಗೆಲ್ಲ ಕೇಳುವಂತೆ ಹೇಳಿದಳು.

ಮೂಲೆಯ ಪಂಜರವೊಂದು ಅಲುಗಿತು. ಗಿಳಿ ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ನೋ ಡಾಗ್," ಎಂದಿತು. "ದಟ್ ಹೋಳಿಗೆ ಮೈದು."

ಶುಕಭೈರವ ಹೊಟ್ಟೆ ಹಿಡಿದುಕೊಂಡು ನಕ್ಕ. 'ಮೈ' ಇಂಗ್ಲಿಷು, 'ದು' ಕನ್ನಡ, 'ಮೈದು' ಎಂಬ ಪದ ಯಾವ ದೇಶದ ಯಾವ ಪುಸ್ತಕದಲ್ಲೂ ಇಲ್ಲ, ಇದು ಶುದ್ಧ ತಪ್ಪು ಎಂದ.

"ಹೌದು, ತಪ್ಪು," ಎಂದಳು ಹಂಪವ್ವ. "ನೀ ಕಲಿಸಿದ್ದೇನು ಇದನ್ನ?"

ಅವನ ನಗು ಅಲ್ಲೇ ನಿಂತಿತು. ಅವನು ಕಲಿಸಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಕೇಳಿದ್ದನ್ನು ಹೇಳುವ ಗಿಳಿಗೆ ತಪ್ಪು ಮಾಡಲು ಬರುವುದಿಲ್ಲ. ಮೂಲೆಯ ಪಂಜರದಿಂದ ಪುಕ್ಕ ಉದುರಿತು, ಕಂಬಿ ಮುರಿಯಿತು, ಕೆದರಿದ ಜಡೆಯ ತುಂಗಿ ಸಿಟ್ಟಿನಿಂದ ಕೆಳಗಿಳಿದಳು. ಅದನ್ನು ನೋಡಿದ್ದೇ ತಡ, ತಿಂಗಳಿಂದ ನುಂಗಿಕೊಂಡಿದ್ದ ಮಾತೆಲ್ಲ ಎಲ್ಲರ ಬಾಯಿಗೂ ಬಂತು. ಸ್ಲೇಟ್ ಮೈದು, ಗೋಟ್ ಮೈದು, ಐ ನಾಟ್ ರಾಮ, ಐ ಫೀವರ್ ಎಂದು ಪಡಸಾಲೆಯೆಲ್ಲ ಗದ್ದಲವೋ ಗದ್ದಲ. ಪ್ರತಿ ಮಾತಿಗೂ ಒಂದು ಪಂಜರ ಮುರಿಯುತ್ತಿತ್ತು, ಶುಕಭೈರವ ಒಂದು ಸುತ್ತು ಸೊರಗುತ್ತಿದ್ದ. ಅವನ ಮೈಯಲ್ಲಿದ್ದದ್ದೆಲ್ಲ ಮಕ್ಕಳಿಂದ ತಿಂದ ಮಾತೇ ಆದ್ದರಿಂದ ಕೊನೆಗೆ ಉಳಿದದ್ದು ಹಸಿರು ಶಾಲು ಮಾತ್ರ. ಜ್ವರದ ಹುಡುಗನಿಗೆ ಅದನ್ನು ಹೊದಿಸಿದರು.

ಅಂದಿನಿಂದ ತೊರೆನಾಡಿನ ಶಾಲೆಯಲ್ಲಿ ಹಂಪವ್ವನೇ ಇಂಗ್ಲಿಷ್ ಕಲಿಸಿದಳು. ಮಕ್ಕಳು ವರ್ಷಗಟ್ಟಲೆ ಎಡವಿದರು, ಆಮೇಲೆ ನಡೆದರು. ವ್ಯಾಪಾರಿಗಳು ಮೀಸೆ ನೋಡಿ ನಕ್ಕಾಗ ಏನು ಹೇಳಬೇಕೆಂದು ರಾಜನಿಗೂ ಮಕ್ಕಳೇ ಹೇಳಿಕೊಟ್ಟರು. ಎಲ್ಲರೂ ಸುಖವಾಗಿದ್ದರು.

ಆದರೆ ಗುಡ್ಡ ಇಳಿಯುವ ದಾರಿಯಲ್ಲಿ ಆದ ಮಾತೊಂದು ಉಳಿದಿದೆ. ತುಂಗಿ ಇನ್ನೂ ಮುಖ ಊದಿಸಿಕೊಂಡೇ ನಡೆಯುತ್ತಿದ್ದಳು.

"ಯವ್ವಾ, ನನ್ನ ಹೋಳಿಗಿ ಖರೇನ ನಾಯಿಗೆ ಹಾಕಿದೇನು?" ಎಂದು ಕೇಳಿದಳು.

ಹಂಪವ್ವ ಮಗಳನ್ನು ಎತ್ತಿ ಸೊಂಟಕ್ಕಿರಿಸಿಕೊಂಡಳು. "ಎಲ್ಲೀ ಹೋಳಿಗಿ, ನನ್ನವ್ವಾ," ಎಂದಳು. "ನೀ ಹಾರಿ ಹ್ವಾದ ದಿನದಿಂದ ನಾ ಒಲಿನ ಹಚ್ಚಿಲ್ಲ."