ಗಿಣಿಗೆ ಕಣ್ಣಿಟ್ಟವನು

"ಕೈ ತಗೀರಿ! ಮೊದ್ಲ ಕೈ ತಗೀರಿ!"

ನೀಲಗಂಗಾ ಕೂಗಿದ ರಭಸಕ್ಕೆ ಬಂದವನ ಕೈಯಲ್ಲಿದ್ದ ಅಳತೆಪಟ್ಟಿ ನೆಲಕ್ಕೆ ಬಿತ್ತು. ತೊಟ್ಟಿಲು ಮಾತ್ರ ನಿಲ್ಲಲಿಲ್ಲ. ಅವನು ಒಂದೇ ಬೆರಳಿನಿಂದ ತಳ್ಳಿದ್ದ, ಅಷ್ಟೇ... ಅದು ತನ್ನ ಪಾಡಿಗೆ ಅತ್ತ ಇತ್ತ ತೂಗುತ್ತಲೇ ಇತ್ತು.

ಕೂಸಿಲ್ಲದ ಖಾಲಿ ತೊಟ್ಟಿಲು!

ಅವಳು ಓಡಿಬಂದು ಎರಡೂ ಕೈಯಿಂದ ಅದನ್ನು ಹಿಡಿದು ನಿಲ್ಲಿಸಿದಳು. ಆ ಗಡಿಬಿಡಿಯಲ್ಲಿ ಬೆರಳಿನ ಕೆಂಪು ಬಣ್ಣ ಅವನ ಬಿಳಿ ಅಂಗಿಯ ತೋಳಿಗೆ ತಾಗಿತು.

"ಖಾಲಿ ತೊಟ್ಲಾ ತೂಗಬಾರ್ದು ಅಂತ ನಿಮ್ಮ ಮನ್ಯಾಗ ಯಾರೂ ಹೇಳಿಲ್ಲೇನ್ರಿ?"

"ಹೇಳ್ಯಾರ್ರಿ. ಆದ್ರ ಇದು ತಾನ ತೂಗಾಕತ್ತಿತ್ತು..."

"ಹೌದೌದು! ನಿಮ್ಮ ದಾರಿ ಕಾಯ್ಕೋತ ಕುಂತಿತ್ತು ಪಾಪ!"

ಪಕ್ಕದ ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದ ಹಲೀಮಾಬಿ ಸೂಜಿ ನಿಲ್ಲಿಸಿದಳು. ಕಲಘಟಗಿಯ ಆ ಓಣಿಯಲ್ಲಿ ಯಾರ ಮನೆಗೆ ಯಾರು ಬಂದರೂ ಮೊದಲು ಅವಳ ಕಣ್ಣು ದಾಟಿಯೇ ಬರಬೇಕು.

"ಯಾರವಾ ನೀಲಾ ಅಂವಾ? ಕನ್ಯಾ ನೋಡಾಕ ಬಂದಂವಾ ಮೊದ್ಲ ತೊಟ್ಲಾ ತೂಗ್ಯಾನಲ್ಲ! ಭಾಳ ಅವಸರದ ಮನಶಾ ಬಿಡು!"

ನೀಲಾಳ ಮುಖ ಬಣ್ಣದ ಬಟ್ಟಲಿಗಿಂತ ಕೆಂಪಾಯಿತು. ಬಂದವನು ಕೆಮ್ಮಿದ.

ಕನ್ಯೆ ನೋಡಲು ಬಂದವನಲ್ಲ ಅವನು. ತಿರ್ಲಾಪುರದ ಉಡಚಪ್ಪ. ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅಲ್ಲಿನ ಬೋರ್ಡಿನಲ್ಲಿ ಅವನ ಹೆಸರು 'ಉದಯ ಸರ್'. ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿಯಲ್ಲಿ ಕಂಪ್ಯೂಟರಿನ ಮುಂದೆ ಉಡಚಪ್ಪ ಎಂಬವನು ಕೂತರೆ ಅದು ಚಾಲೂ ಆಗುವುದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದಿರಬೇಕು.

"ಈ ಹೂವು, ಈ ಗಿಣಿ... ಇವನ್ನ ಕಂಪ್ಯೂಟರಿನ್ಯಾಗ ತಗೀಬೇಕಂತ ಮಾಡೀನ್ರಿ," ಎಂದ, ತೊಟ್ಟಿಲಿನ ಮೇಲೆ ಬರೆದ ಚಿತ್ರಗಳನ್ನು ತೋರಿಸಿ.

"ಕಂಪ್ಯೂಟರಿಗೆ ತೊಟ್ಲಾ ಯಾಕ್ರಿ? ಅದು ಹಡಿಯೂದೂ ಐತೇನು?"

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಸಿಟ್ಟು ತರಿಸಬೇಕಿತ್ತು. ತರಿಸಲಿಲ್ಲ. ಅದೇ ಅವಳಿಗೆ ಸಿಟ್ಟು ತರಿಸಿತು!

ಅವನು ಗೋಡೆಗೆ ಒರಗಿಸಿದ್ದ ಬೇರೊಂದು ತೊಟ್ಟಿಲಿನ ಹಲಗೆಯ ಮುಂದೆ ಕೂತು ಹೂವಿನ ಅಳತೆಯನ್ನು ಗ್ರಾಫ್ ಹಾಳೆಗೆ ಇಳಿಸತೊಡಗಿದ. ಅವನ ಬೆನ್ನ ಹಿಂದೆ ನೀಲಾಳ ಅಪ್ಪ ಈರಪ್ಪ, ಈಗಷ್ಟೇ ತೂಗಿ ನಿಂತ ತೊಟ್ಟಿಲಿನ ಗಿಣಿಗಳಿಗೆ ಸಣ್ಣ ಕುಂಚದಿಂದ ಕಣ್ಣು ಇಟ್ಟ. ಅವರ ಮನೆಯಲ್ಲಿ ತೊಟ್ಟಿಲು ಹೊಸ್ತಿಲು ದಾಟುವ ದಿನವೇ ಗಿಣಿಗೆ ಕಣ್ಣು ಬರೆಯುವುದು. ಬರೆದವನೇ ಅದನ್ನು ತಲೆಯ ಮೇಲೆ ಹೊತ್ತು, ಸೇರಬೇಕಾದ ಮನೆಗೆ ಮುಟ್ಟಿಸುವುದು.

"ಕುಂದಗೋಳ ಮಟಾ ಈ ವಯಸ್ಸಿನ್ಯಾಗ ನೀನ ಯಾಕ ಹೊರತಿ ಈರಪ್ಪಾ? ಆಳು ಕಳಸು," ಎಂದಳು ಹಲೀಮಾಬಿ.

"ಅದೆಂಗ ಬರತೈತಬೇ? ಕಣ್ಣಿಟ್ಟ ಕೈನ ಮುಟ್ಟಸಬೇಕು. ನಾ ಇಟ್ಟೀನಿ, ನಾನ ಹೊರತೀನಿ," ಎಂದು ಈರಪ್ಪ ತಲೆಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು ತೊಟ್ಟಿಲು ಹೊತ್ತುಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದ.

ಉಡಚಪ್ಪ ಅಲ್ಲಿಯೇ ಇದ್ದ. ಆದರೆ ಗ್ರಾಫ್ ಹಾಳೆಗೆ ಕಿವಿ ಇರುವುದಿಲ್ಲ ನೋಡಿ, ಅದರಲ್ಲಿ ಮುಳುಗಿದವರಿಗೂ ಇರುವುದಿಲ್ಲ.

ಹೊರಡುವಾಗ ಅವನು ತಿರುಗಿ ಹೇಳಿದ. "ನನ್ನ ಕ್ಲಾಸಿನ್ಯಾಗ ಎಲ್ಲಾರೂ ಲೆಕ್ಕ ಕಲಿಯಾಕ ಬರತಾರ್ರಿ. ಚಿತ್ರಾ ತಗಿಯೋ ಕೈ ಒಂದೂ ಇಲ್ಲ. ನೀವು ಬರ್ರಿ."

"ನಾ ಇಂಗ್ಲಿಷಿನ್ಯಾಗ ಡಬ್ಬಿ..."

"ಗಿಣಿ ಇಂಗ್ಲಿಷ್ ಮಾತಾಡತೈತೇನ್ರಿ?"

ಆ ದಿನದಿಂದ ನೀಲಾ ಕೂತಲ್ಲಿ ಕೂಡಲಿಲ್ಲ. ಪಿಯುಸಿ ಮುಗಿಸಿ, ಡ್ರಾಯಿಂಗ್ ಪರೀಕ್ಷೆಗಳನ್ನೂ ಪಾಸಾಗಿ, ಡ್ರಾಯಿಂಗ್ ಟೀಚರಾಗುವ ಆಸೆ ಹಳೆಯದಾಗಿ, ಅದೇ ಬಳ್ಳಿ ಅದೇ ಗಿಣಿ ಬರೆಯುತ್ತ ಕೂತವಳು ಅವಳು. ಕೈಯಲ್ಲಿ ಕೆಲಸ ಇದ್ದೇ ಇತ್ತು, ಮನಸ್ಸಿಗೆ ಇರಲಿಲ್ಲ.

"ಕಾಲಾಗ ಇರವಿ ಹೊಕ್ಕಾವೇನಬೇ ನಿನಗ?" ಎಂದು ಅಪ್ಪನೇ ಬೇಸತ್ತು ಕೇಳಿದ. "ಹೋಗು. ನೋಡಿಕೊಂಡರ ಬಾ."

ಹೋದಳು. ಮುಂಜಾನೆ ಬಸ್ಸಿಗೆ ಹೋಗುವುದು, ಮಧ್ಯಾಹ್ನದ ಬಸ್ಸಿಗೆ ಬರುವುದು. ಚಪ್ಪಲಿ ಹೊರಗೆ ಬಿಟ್ಟು, ತಣ್ಣಗಿನ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತ ಯಂತ್ರವನ್ನು ಮೊದಲ ದಿನ ಕಂಡವಳೇ ಕೈ ಮುಗಿದಳು.

"ಕಾಯಿ ಒಡೀಬ್ಯಾಡ್ರಿ ಮತ್ತ," ಎಂದ ಉಡಚಪ್ಪ.

ಅವನು ಕಲಿಸಿದ ಮೊದಲ ಪಾಠ ಇಷ್ಟೇ. ಕೈಯಿಂದ ಚಿತ್ರ ಬರಬೇಕು, ಆಮೇಲೆ ಗ್ರಾಫ್ ಹಾಳೆ, ಆಮೇಲೆ ಯಂತ್ರ. "ಮಂದಿ ಉಲ್ಟಾ ಮಾಡತಾರ್ರಿ. ಮೊದ್ಲ ಮಷೀನ್ ಕಲೀತಾರ, ಆಮ್ಯಾಲ ಏನ್ ಬರೀಲಿ ಅಂತ ಕೇಳ್ತಾರ."

ನೀಲಾಳ ಮೊದಲ ಗಿಣಿ ಪರದೆಯ ಮೇಲೆ ಬಾವಲಿಯಂತೆ ತಲೆಕೆಳಗಾಗಿ ಜೋತುಬಿತ್ತು. ಶಾಲೆಯ ಗ್ರಾಫಿನಲ್ಲಿ ಸೊನ್ನೆ ಕೆಳಗಿನ ಮೂಲೆಯಲ್ಲಿ. ಈ ಯಂತ್ರದಲ್ಲಿ ಅದು ಮೇಲಿನ ಮೂಲೆಯಲ್ಲಿ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೂ ಇಬ್ಬರೂ ಪರದೆಯನ್ನು ನೋಡುತ್ತಲೇ ಕೂತರು. ಒಬ್ಬರನ್ನೊಬ್ಬರು ನೋಡುವ ಧೈರ್ಯ ಇರಲಿಲ್ಲ.

ಗಿಣಿ ಸೆಟೆದು ನಿಂತಾಗ ಅವಳಿಗೆ ಅಳು ಬಂತು. ಪರದೆಯಲ್ಲಿ ಇದ್ದದ್ದು ತಿಳಿನೀಲಿ, ನೇರಳೆ ಮಿಶ್ರಿತ ಗುಲಾಬಿ, ಬಿಳಿ.

"ಕೆಂಪಿಲ್ಲೇನ್ರಿ? ಕೆಂಪಿಲ್ಲದ ತೊಟ್ಲಾ... ಅದು ಯಾರದೋ ಆಸ್ಪತ್ರಿ ಮಂಚಾ ಇದ್ದಂಗ ಕಾಣತೈತಿ!"

ಮರುದಿನ ಅವಳು ಬಂದಾಗ ಅವನ ಕೂದಲು ಕೆದರಿತ್ತು, ಮೇಜಿನ ಮೇಲೆ ದಪ್ಪ ಪುಸ್ತಕ ಬಾಯಿ ತೆರೆದು ಬಿದ್ದಿತ್ತು. ಒಂದು ಕೀಲಿ ಒತ್ತಿದ. ಬಳ್ಳಿ ಹಸಿರಾಯಿತು. ದಳಗಳಲ್ಲಿ ಒಂಥರಾ ಮಣ್ಣುಹಳದಿ. ಮತ್ತೆ ಗಿಣಿಯ ಕೊಕ್ಕು... ಕೆಂಪು!

"ಒಳಗ ಇನ್ನೊಂದು ಬಣ್ಣದ ಪೆಟಗಿ ಇತ್ರಿ. ಹುಡುಕಬೇಕಿತ್ತು," ಎಂದ, ಏನೂ ದೊಡ್ಡದಲ್ಲ ಎಂಬಂತೆ.

'ನನಗಾಗಿ ಹುಡುಕಿದನೇ? ಅಥವಾ ಗಿಣಿಗಾಗಿಯೇ?' ಆ ದಿನ ಬಸ್ಸು ಕಲಘಟಗಿ ದಾಟಿ ಮುಂದಿನ ಊರಿಗೆ ಹೋದ ಮೇಲೆ ಅವಳಿಗೆ ಎಚ್ಚರವಾಯಿತು.

ದೀಪಾವಳಿಯ ಹೊತ್ತಿಗೆ ಉಡಚಪ್ಪ ಸುದ್ದಿ ತಂದ. ಪುಣೆಯಲ್ಲಿ ಸೀರೆ ಮೇಲೆ ಚಿತ್ರ ಅಚ್ಚು ಹಾಕುವ ಕಾರ್ಖಾನೆಯವರು ಕಂಪ್ಯೂಟರ್ ತಂದಿದ್ದಾರೆ. ಚಿತ್ರ ಬಲ್ಲವರಿಗೆ ಯಂತ್ರ ಬಾರದು, ಯಂತ್ರ ಬಲ್ಲವರಿಗೆ ಚಿತ್ರ ಬಾರದು. ಎರಡೂ ಬಲ್ಲವರನ್ನು ಹುಡುಕಿಕೊಂಡು ಸೋಮವಾರ ಹುಬ್ಬಳ್ಳಿಗೇ ಬರುತ್ತಾರೆ.

"ಇದು ನಿಮಗ ಅಂತನ ಬಂದದ್ರಿ! ನೀವು ಹೋಗಾಕಬೇಕು!" ಎಂದ. ಎಷ್ಟು ಉತ್ಸಾಹ ಅವನಿಗೆ!

ನೀಲಾಳಿಗೆ ಹಾರಬೇಕೆನಿಸಿತು. ಅದೇ ಕ್ಷಣದಲ್ಲಿ ರೆಕ್ಕೆ ಕತ್ತರಿಸಿದಂತೆಯೂ ಆಯಿತು. ಕೆಲಸ ಸಿಕ್ಕರೆ ಈ ಕೋಣೆ ಇಲ್ಲ. ಸಿಗದಿದ್ದರೆ ಮತ್ತೆ ಅದೇ ಬಳ್ಳಿ, ಅದೇ ಗೋಡೆ. ಅವಳಿಗೆ ಎರಡೂ ಬೇಕಿತ್ತು. ಎರಡನ್ನೂ ಕೇಳಲು ಬಾಯಿ ಒಂದೇ ಇತ್ತು, ಅದೂ ಮುಚ್ಚಿಕೊಂಡಿತ್ತು.

ಶನಿವಾರ ಅವಳು ಬಂದಾಗ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವಳ ತೊಟ್ಟಿಲನ್ನು ಯಂತ್ರ ಗೆರೆ ಗೆರೆಯಾಗಿ ಬರೆಯುತ್ತಿತ್ತು. ಕಾಲು, ಬಳ್ಳಿ, ಹೂವು, ಎದುರುಬದುರು ಎರಡು ಗಿಣಿ...

ಕೊನೆಗೆ, ಅವಳು ಬರೆಯದ ಎರಡು ಚುಕ್ಕೆ.

ಗಿಣಿಗಳಿಗೆ ಕಣ್ಣು ಬಂದವು!

ನೀಲಾ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅಂದು ಅಪ್ಪ ಹೇಳುವಾಗ ಇವನು ಅಲ್ಲಿಯೇ ಇದ್ದನಲ್ಲ... ಕಣ್ಣಿಟ್ಟ ಕೈಯೇ ಮುಟ್ಟಿಸಬೇಕು. ಗೊತ್ತಿದ್ದೇ ಇಟ್ಟನೇ? ತನ್ನ ಜೊತೆ ಬರುತ್ತೇನೆ ಎನ್ನುತ್ತಿದ್ದಾನೆಯೇ? ಬಾಯಿಂದ ಹೇಳಲಾರದೆ ಹೀಗೆ ಹೇಳಿದನೇ?

"ಕಣ್ಣು... ನೀವ ಇಟ್ರೇನ್ರಿ?"

"ಹೂನ್ರಿ! ನೀವು ಮರತಿದ್ರಿ. ಪುಣೆದವರ ಮುಂದ ಮರ್ಯಾದಿ ಹೋಗತಿತ್ತಲ್ಲ, ಅದಕ್ಕ ನಾನ ಹಾಕಿ ಬಿಟ್ಟೆ."

ಆದರೂ ಆಸೆ ಸುಲಭಕ್ಕೆ ಸಾಯುವ ಜಾತಿಯದಲ್ಲ. ಕೇಳಿಯೇಬಿಟ್ಟಳು.

"ಕಣ್ಣಿಟ್ಟವರು ಆಮ್ಯಾಲ ಏನ್ ಮಾಡಬೇಕು, ಗೊತ್ತೈತೇನ್ರಿ?"

ಉಡಚಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ.

"ಫ್ಲಾಪಿಗೆ ಸೇವ್ ಮಾಡಬೇಕ್ರಿ."

ಅವಳು ಕುರ್ಚಿಗೆ ಕೂತು ಟಕಟಕನೆ ಕೀಲಿ ಒತ್ತಿ, ಯಂತ್ರಕ್ಕೆ ಕಣ್ಣು ಬರೆಯಲು ಹೇಳುವ ಆ ಎರಡು ಸಾಲು ಅಳಿಸಿಹಾಕಿದಳು.

"ಅಯ್ಯ, ಯಾಕ್ರಿ?"

"ನನ್ನ ಗಿಣಿ ಕುರುಡಿದ್ರೂ ನಂದು! ಮನಿ ಬಿಡೂ ದಿನಾ ಕಣ್ಣು ಇಡತೇವಿ ನಾವು. ನನ್ನ ಮನಿ ಬಿಡಸಾಕ ನಿಮಗ ಇಷ್ಟ ಅವಸರ ಐತೇನು? ಹೋಗತೀನಿ ತಗೋರಿ. ಹೋಗತೀನಿ!"

ಮೆಟ್ಟಿಲು ಇಳಿಯುವಾಗ ಚಪ್ಪಲಿ ಅದಲುಬದಲಾಗಿ ಯಾರದೋ ಮೆಟ್ಟಿಕೊಂಡು ಬಂದದ್ದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ಅದಕ್ಕೂ ಅತ್ತಳು.

ಸೋಮವಾರ. ಈರಪ್ಪ ಮಡಿಸಿಟ್ಟ ರುಮಾಲು ಸುತ್ತಿಕೊಂಡು ಬಂದಿದ್ದ. ಹಲೀಮಾಬಿಯನ್ನು ಯಾರೂ ಕರೆದಿರಲಿಲ್ಲ, ಹಾಗಾಗಿ ಎಲ್ಲರಿಗಿಂತ ಮೊದಲೇ ತಯಾರಾಗಿದ್ದಳು. ಪುಣೆಯಿಂದ ಬಂದ ಪಾಟಣಕರ ಬಾಯಿಯವರು ಮಿರಜ ಕಡೆಯವರು, ಕನ್ನಡ ಹರಕುಮುರುಕು ಬರುತ್ತಿತ್ತು. ಉಡಚಪ್ಪ ಮೂಲೆಯಲ್ಲಿ ಕಂಬದಂತೆ ನಿಂತಿದ್ದ. ಬೆಳಗಿನಿಂದ ಅವಳೊಡನೆ ಒಂದು ಮಾತೂ ಆಡಿರಲಿಲ್ಲ.

ತೊಟ್ಟಿಲು ಮೂಡಿತು. ಬಾಯಿಯವರು ಕನ್ನಡಕ ಮೂಗಿನ ಮೇಲೆ ಏರಿಸಿದರು.

"ಫಾರ್ ಛಾನ್! ಖರೇನ ಛಲೋ ಐತಿ. ಪಣ... ಆದ್ರ ಗಿಣಿಗೆ ಕಣ್ಣು ಎಲ್ಲಿ?"

"ಸಾಮಾನು ಒಯ್ಯಾವ್ರು ಒಯ್ತೀವಿ ಅಂದ ಮ್ಯಾಲ ಕಣ್ಣು ಇಡತೇವ್ರಿ. ನಮ್ಮ ಮನಿ ಪದ್ಧತಿ. ನೀವು ಒಯ್ತೀನಿ ಅಂದ್ರ..."

ಬಾಯಿಯವರು ಅವಳನ್ನೇ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು.

"ಕೆಲಸಾ ಕೊಟ್ರ ಮಾತ್ರ ಕಣ್ಣು! ಅಸಲ ವ್ಯಾಪಾರಿ ಇದ್ದಾಳ ಹುಡುಗಿ! ಆತು, ಒಯ್ತೀನಿ. ಬರೂ ತಿಂಗಳು ಪುಣೆಕ್ಕ ಬಾ. ಈಗ ಇಡು ಕಣ್ಣು."

ಸಿಕ್ಕಿತು! ನೀಲಾಳ ಬೆರಳು ಕೀಲಿಗಳ ಮೇಲೆ ಹೋಯಿತು... ಅಲ್ಲಿಯೇ ನಿಂತಿತು.

ಎರಡು ಚುಕ್ಕೆ. ತಾನೇ ಇಟ್ಟರೆ ತಾನೇ ಹೊರಬೇಕು. ಒಬ್ಬಳೇ ಹೋಗಬೇಕು. ಹೋಗುವುದಂತೂ ಖಂಡಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ...

ಮೂಲೆಯ ಕಡೆ ತಿರುಗಿದಳು. ಅವನ ಅಂಗಿಯ ತೋಳಿನ ಮೇಲೆ ಮೊದಲ ದಿನದ ಕೆಂಪು ಕಲೆ ಮಸುಕಾಗಿ ಇನ್ನೂ ಇತ್ತು. ಇಂಥ ದಿನಕ್ಕೆ ಅದೇ ಅಂಗಿ ಹಾಕಿಕೊಂಡು ಬಂದಿದ್ದಾನೆ!

"ನೀವ ಇಡ್ರಿ," ಎಂದಳು.

"ನಾನಾ? ನೀವ ಅಳಿಸಿದ್ರಲ್ಲ..."

"ಅಳಿಸಿದಾಕಿನೂ ನಾನ, ಇಡ್ರಿ ಅನ್ನಾಕಿನೂ ನಾನ."

ಹಿಂದಿನಿಂದ ಅಪ್ಪನ ದನಿ ಬಂತು. "ನೀಲವ್ವಾ... ತಿಳದ ಹೇಳಾಕತ್ತಿಯೇನವಾ?"

ಅವಳು ತಿರುಗಲಿಲ್ಲ. "ತಿಳದ ಹೇಳೀನಪ್ಪಾ."

"ಸುಮ್ನಿರು ಈರಪ್ಪಾ," ಎಂದು ಹಲೀಮಾಬಿ ಅವನ ರುಮಾಲಿನ ಚುಂಗು ಜಗ್ಗಿದಳು.

ಉಡಚಪ್ಪ ಬಗ್ಗಿ ಎರಡು ಸಾಲು ಒತ್ತಿದ. ಗಿಣಿಗಳು ಕಣ್ಣು ಬಿಟ್ಟವು. ಅವನು ಏನು ಮಾಡಿದನೆಂದು ಆ ಕೋಣೆಯಲ್ಲಿ ಅವನನ್ನೂ ಪುಣೆಯ ಬಾಯಿಯವರನ್ನೂ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಕೆಳಗೆ ಇಳಿಯುವಾಗ ಹಲೀಮಾಬಿ ಅವನನ್ನು ಮೆಟ್ಟಿಲ ಮೇಲೆಯೇ ತರುಬಿದಳು.

"ತಮ್ಮಾ, ಶಾಣ್ಯಾ ಅಂತಾರ ನಿನ್ನ. ಈಗ ಏನ್ ಮಾಡಿದಿ, ಗೊತ್ತೈತಿಲ್ಲ?"

"ಕಣ್ಣಿಟ್ಟೆ..."

"ಕಣ್ಣಿಟ್ಟ ಕೈನ ಹೊತ್ತು ಮುಟ್ಟಸಬೇಕು. ಈರಪ್ಪನ ಮನಿ ಪದ್ಧತಿ. ಅದು ತಿಳದ ಆಕಿ ನಿನ್ನ ಕೈಲೆ ಇಡಿಸ್ಯಾಳ. ಇನ್ನ ಲೆಕ್ಕಾ ನೀನ ಹಾಕ್ಕೋ!"

ಅವನು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದುಕೊಂಡು ಅಲ್ಲಿಯೇ ಕೂತುಬಿಟ್ಟನಂತೆ. ಇದು ಹಲೀಮಾಬಿ ಮುಂದೆ ಓಣಿಗೆಲ್ಲ ಹೇಳಿದ ಮಾತು, ಸ್ವಲ್ಪ ಹೆಚ್ಚಿರಬಹುದು.

ಇತ್ತ ನೀಲಾ ಮರುದಿನ ಮುಂಜಾನೆ ಹೂವಿಗೆ ಎಲೆಯ ಬಣ್ಣ ಹಚ್ಚಿದಳು, ಎಲೆಗೆ ಹೂವಿನದು. 'ಬರದಿದ್ದರೆ? ನಕ್ಕಿದ್ದರೆ? ಅಯ್ಯೋ, ಎಷ್ಟು ನಾಚಿಕೆಗೇಡಿ ನಾನು!' ಮೊದಲ ಬಸ್ಸು ಹೋಯಿತು. ಎರಡನೆಯದೂ ಹೋಯಿತು.

ಬಾಗಿಲಲ್ಲಿ ನೆರಳು ಬಿತ್ತು.

ಉಡಚಪ್ಪ. ಕೈಯಲ್ಲಿ ಗ್ರಾಫ್ ಹಾಳೆ ಇಲ್ಲ. ಹೊಸ ಪಂಚೆಯನ್ನು ಸುರುಳಿ ಸುತ್ತಿ ಮಾಡಿದ, ಅಡ್ಡಾದಿಡ್ಡಿ ಸಿಂಬಿ ಒಂದಿತ್ತು.

"ಈರಪ್ಪ ಕಾಕಾ," ಎಂದ. "ಹೊರಾಕ ಬಂದೀನ್ರಿ. ಪುಣೆ ಮಟಾ."

ಈರಪ್ಪ ಕುಂಚ ಕೆಳಗಿಡಲಿಲ್ಲ. "ಮುಟ್ಟಿಸಿ ತಿರಗಿ ಬರಾವನೋ?"

"ತಿರಗಿ ಬಾ ಅನ್ನೂದು ಪದ್ಧತ್ಯಾಗ ಇಲ್ಲಲ್ರಿ? ಪುಣೆದಾಗೂ ಕಂಪ್ಯೂಟರ್ ಕಲಸಾವ್ರು ಬೇಕಾಗ್ಯಾರ. ನಮ್ಮವ್ವಗ ಹೇಳಿ ಬಂದೀನಿ. ನಿಮ್ಮ ಮಂದಿ ಬ್ಯಾರೆ ನಮ್ಮ ಮಂದಿ ಬ್ಯಾರೆ ಅಂತ ಅತ್ತಳು. ಆಮ್ಯಾಲ, ನಿನ್ನ ತೂಗಿದ್ದೂ ಅವರ ತೊಟ್ಲಾನ ಐತಿ, ಹೋಗು, ಅಂದ್ಲು."

ಈಗ ಈರಪ್ಪ ಕುಂಚ ಕೆಳಗಿಟ್ಟ. "ಎಲ್ಲಾ ಮಂದಿ ಕೂಸೂ ನಮ್ಮ ತೊಟ್ಲಾದಾಗ ಮಲಗ್ಯಾವು. ಯಾರೂ ಬ್ಯಾಡಂದಿಲ್ಲ," ಎಂದ. "ಆದ್ರ ಸಿಂಬಿ ಹಿಂಗ ಸುತ್ತೂದಲ್ಲ ತಮ್ಮಾ. ಅಕ್ಷತಿ ಬೀಳೂದ್ರಾಗ ಕಲಸ್ತೀನಿ."

ಎದ್ದು ಜಗಲಿಗೆ ಹೋದ. ಅಲ್ಲಿ ಸೂಜಿ ಹಿಡಿದು ಕಿವಿ ಚಾಚಿದ್ದ ಹಲೀಮಾಬಿಯನ್ನೂ ಎಬ್ಬಿಸಿಕೊಂಡು ಹೋದ, ಪುಣ್ಯಾತ್ಮ.

ಇಬ್ಬರೇ ಉಳಿದರು. ನಡುವೆ ಒಂದು ಖಾಲಿ ತೊಟ್ಟಿಲು. ಉಡಚಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಇವತ್ತ ಮುಟ್ಟಂಗಿಲ್ರಿ ನಾ."

"ಆ ದಿನಾ ಕಣ್ಣು ಯಾಕ ಇಟ್ರಿ? ಖರೇ ಹೇಳ್ರಿ," ಎಂದಳು.

"ನೀವು ದಿನಾ ಅದರ ಮುಂದ ಕೂಡತಿದ್ರಿ. ಅದಕ್ಕ ನೋಡಾಕ ಕಣ್ಣಿಲ್ಲಲಾ ಅಂತ... ಪಾಪ ಅನಸ್ತು. ನಾನರ ನೋಡತಿದ್ದೆ."

ನೀಲಾಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಅವನು ಹಿಡಿದ. ಕೆಂಪು ಬಣ್ಣ ಮತ್ತೆ ಅವನ ತೋಳಿಗೆ ಹತ್ತಿತು.

"ಕೈ ತಗೀರಿ," ಎಂದಳು, ಅವನಿಗಷ್ಟೇ ಕೇಳುವಂತೆ.

"ತಗೀಲೇನು?"

"...ಬ್ಯಾಡ."